ಬಲ್ಖ್‌ನಿಂದ ತೀರ್ಥಹಳ್ಳಿಯವರೆಗೆ: ಮನಸ್ಸಿನ ಕಾಯಿಲೆ ಮತ್ತು ನಮ್ಮ ಪರಂಪರೆ

ಮನೋವೈದ್ಯಶಾಸ್ತ್ರದ ಅಂತಾರಾಷ್ಟ್ರೀಯ ನಿಯತಕಾಲಿಕಗಳಲ್ಲಿ ತೀರ್ಥಹಳ್ಳಿ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಮಲೆನಾಡಿನವರಾದ ನಮ್ಮಲ್ಲೇ ಹೆಚ್ಚಿನವರಿಗೆ ಇದು ತಿಳಿದಿಲ್ಲ. 2005ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ತಾಲೂಕಿನಲ್ಲಿ ಒಂದು ಕೆಲಸವನ್ನು ಆರಂಭಿಸಿದರು. ತೀವ್ರ ಮಾನಸಿಕ ಕಾಯಿಲೆ ಇರುವವರು ಆಸ್ಪತ್ರೆಯ ಬಾಗಿಲಿಗೆ ಬರುವವರೆಗೆ ಕಾಯದೆ, ಅವರವರ ಊರುಗಳಲ್ಲೇ ಅವರನ್ನು ಗುರುತಿಸಿ, ಅಲ್ಲಿಯೇ ಚಿಕಿತ್ಸೆ ಒದಗಿಸಿ, ಮುಂದೆ ಅವರ ಬದುಕು ಹೇಗೆ ಸಾಗುತ್ತದೆಂದು ವರ್ಷಗಟ್ಟಲೆ ಗಮನಿಸುವುದು ಅದರ ಉದ್ದೇಶವಾಗಿತ್ತು. ಮುಖ್ಯವಾಗಿ ಅವರು ಹುಡುಕಿದ್ದು ಸ್ಕಿಜೋಫ್ರೀನಿಯಾ ಎಂಬ ಕಾಯಿಲೆಯನ್ನು. ಇಲ್ಲದ ದನಿಗಳು ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಕದಲದ ನಂಬಿಕೆ, ಸ್ನಾನ, ಊಟ, ಮಾತು, ದುಡಿಮೆಗಳಿಂದ ಮೆಲ್ಲಮೆಲ್ಲನೆ ಸರಿದುಹೋಗುವುದು ಅದರ ಲಕ್ಷಣಗಳು.

ತಾಲೂಕಿನಲ್ಲಿ ಅಂತಹ 215 ಮಂದಿ ಸಿಕ್ಕಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆ ಹೊತ್ತಿಗೆ ಯಾವ ಔಷಧವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವರ್ಷದ ನಂತರ ವೈದ್ಯರು ಮತ್ತೆ ಹೋಗಿ ನೋಡಿದರು. ತನ್ನ ಮೈಯನ್ನು ತಾನು ನೋಡಿಕೊಳ್ಳುವುದು, ಮನೆಯವರೊಡನೆ ಬೆರೆಯುವುದು, ಮಾತನ್ನು ಅರ್ಥಮಾಡಿಕೊಳ್ಳುವುದು, ಕೆಲಸ ಮಾಡುವುದು ಎಂಬ ನಾಲ್ಕು ವಿಷಯಗಳಲ್ಲಿ ಅವರು ಅಳೆದರು. ಔಷಧವಿಲ್ಲದೆ ಉಳಿದವರು ಇದ್ದಲ್ಲೇ ಇದ್ದರು. ಔಷಧವನ್ನು ಮುಂದುವರಿಸಿದವರೂ ಹೊಸದಾಗಿ ಆರಂಭಿಸಿದವರೂ ಗಮನಾರ್ಹವಾಗಿ ಚೇತರಿಸಿಕೊಂಡಿದ್ದರು. 2009ರಲ್ಲಿ ಪ್ರಕಟವಾದ ಈ ಫಲಿತಾಂಶವು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅಧ್ಯಯನವನ್ನು ಮುನ್ನಡೆಸಿದ ವೈದ್ಯರಲ್ಲಿ ಒಬ್ಬರ ಹೆಸರೂ ಜಗದೀಶ ತೀರ್ಥಹಳ್ಳಿ ಎಂಬುದು ಸಂತೋಷದ ಸಂಗತಿ.

ಈ ಅಧ್ಯಯನ ಮುಸ್ಲಿಮರ ಕುರಿತಾದದ್ದಲ್ಲ, ಇಡೀ ತಾಲೂಕಿನದು. ಆದರೂ ನಮಗೆ ಅದರಲ್ಲಿ ಒಂದು ಪಾಲಿದೆ. ಔಷಧವಿಲ್ಲದೆ ಇದ್ದ ಆ ಅರ್ಧಕ್ಕಿಂತ ಹೆಚ್ಚು ಜನ ಬೀದಿಯ ಪಾಲಾದ ಅನಾಥರಾಗಿರಲಿಲ್ಲ. ಹೆಚ್ಚಾಗಿ ಮನೆ ಮಂದಿಯ ನಡುವೆಯೇ ಇದ್ದವರು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳು ಬಯಲುಸೀಮೆಯಂತೆ ಒತ್ತೊತ್ತಾಗಿಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ. ಶಿವಮೊಗ್ಗಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ದಾರಿ. ಇಂತಹ ನಾಡಿನಲ್ಲಿ ಒಬ್ಬ ಕಾಯಿಲೆಯ ಮನುಷ್ಯನನ್ನು ಒಳಕೋಣೆಯಲ್ಲಿ ಇಟ್ಟುಕೊಂಡು ಹತ್ತು ವರ್ಷ ಕಳೆದರೂ ಊರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರಂತೂ ಗೊತ್ತಾಗಬಾರದೆಂಬ ಎಚ್ಚರಿಕೆ ಮತ್ತಷ್ಟು ಹೆಚ್ಚು.

ದೂರ ಮತ್ತು ಮರ್ಯಾದೆಯ ಭಯ ಎಲ್ಲರಿಗೂ ಸಮಾನ. ನಮ್ಮ ಮನೆಗಳಲ್ಲಿ ಅದರ ಜೊತೆಗೆ ಇನ್ನೊಂದು ಮಾತು ಸೇರಿಕೊಳ್ಳುತ್ತದೆ. ಈಮಾನ್ ಗಟ್ಟಿಯಾಗಿದ್ದರೆ ಇಂತಹದ್ದು ಬರುತ್ತಿತ್ತೇ? ನಮಾಝ್ ಸರಿಯಾಗಿದ್ದರೆ ಮನಸ್ಸು ಕೆಡುತ್ತಿತ್ತೇ? ಹೇಳುವವರು ಕೆಟ್ಟವರಲ್ಲ, ಬಹುಪಾಲು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತು ಧರ್ಮದ ಮಾತೆಂದೇ ನಂಬಲಾಗಿರುವುದರಿಂದ, ಇದು ನಿಜವಾಗಿಯೂ ನಮ್ಮ ಪರಂಪರೆಯ ಮಾತು ಹೌದೇ ಎಂದು ಇತಿಹಾಸವನ್ನು ಕೇಳಬೇಕಾಗಿದೆ.

ಮೊದಲು ಪ್ರವಾದಿಗಳನ್ನೇ ನೋಡೋಣ. ಪ್ರವಾದಿ ಯಾಕೂಬ್(ಅ)ರು ಮಗನನ್ನು ಕಳೆದುಕೊಂಡು ಅತ್ತು ಅತ್ತು ದೃಷ್ಟಿಯನ್ನೇ ಕಳೆದುಕೊಂಡರೆಂದು ಕುರ್‌ಆನ್ ತಿಳಿಸುತ್ತದೆ. ಹೀಗೇ ಇದ್ದರೆ ನೀವು ಸತ್ತೇ ಹೋಗುವಿರಿ ಎಂದು ಮಕ್ಕಳು ಗದರಿದಾಗ, ತನ್ನ ಅಳಲನ್ನು ತಾನು ಅಲ್ಲಾಹನ ಮುಂದೆ ತೋಡಿಕೊಳ್ಳುತ್ತಿದ್ದೇನೆ ಎಂದರು. ಅದೇ ಯಾಕೂಬ್(ಅ)ರ ಸಬ್ರ್ ಸುಂದರವಾದ ಸಬ್ರ್ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಣ್ಣು ಹೋಗುವಷ್ಟು ದುಃಖವೂ ಆ ಸಬ್ರ್‌ನ ಒಳಗೇ ಇತ್ತು ಎಂಬುದನ್ನು ಮಾತ್ರ ಹೇಳಲು ಮರೆಯುತ್ತೇವೆ. ಪ್ರವಾದಿ ಮುಹಮ್ಮದ್(ಸ)ರ ಜೀವನ ಚರಿತ್ರೆಯಲ್ಲಿ ಒಂದು ವರ್ಷಕ್ಕೆ ದುಃಖದ ವರ್ಷವೆಂದೇ ಹೆಸರು. ಅದು ಪ್ರವಾದಿತ್ವದ ಹತ್ತನೇ ವರ್ಷ, ಕ್ರಿಸ್ತಶಕ 619ರ ಸುಮಾರು. ಪತ್ನಿ ಹಝ್ರತ್ ಖದೀಜಾ(ರ) ಮತ್ತು ಆಸರೆಯಾಗಿದ್ದ ದೊಡ್ಡಪ್ಪ ಅಬೂತಾಲಿಬ್ ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಆ ವರ್ಷಕ್ಕೆ ಅಂತಹ ಹೆಸರನ್ನಿಡಲು ಸೀರಾ ಬರೆದ ವಿದ್ವಾಂಸರಿಗೆ ಸಂಕೋಚವಾಗಲಿಲ್ಲ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗಲೂ ಪ್ರವಾದಿವರ್ಯರು(ಸ) ಎಲ್ಲರೆದುರೇ ಕಣ್ಣೀರಿಟ್ಟರು. ಆಶ್ಚರ್ಯಪಟ್ಟ ಸಂಗಾತಿಗಳಿಗೆ ಅದು ಕರುಣೆಯೆಂದು ತಿಳಿಸಿದರು.

ದುಃಖಿತರಿಗೆ ಏನು ಮಾಡಬೇಕೆಂಬುದರ ಬಗ್ಗೆಯೂ ಆ ಕಾಲದಿಂದ ಒಂದು ಚಿಕ್ಕ, ಆದರೆ ಬಹಳ ಮನೆಮಟ್ಟಿನ ಮಾಹಿತಿ ಉಳಿದಿದೆ. ಹಝ್ರತ್ ಆಯಿಶಾ(ರ)ರ ಬಂಧುಗಳಲ್ಲಿ ಯಾರಾದರೂ ತೀರಿಕೊಂಡರೆ, ಸೇರಿದ್ದ ಹೆಂಗಸರೆಲ್ಲ ಹೋದ ಮೇಲೆ ಮನೆಯವರಷ್ಟೇ ಉಳಿದಾಗ ಅವರು ಜವೆಗೋಧಿಯ ತೆಳ್ಳನೆಯ ಗಂಜಿ ಮಾಡಿಸುತ್ತಿದ್ದರು. ತಲ್ಬೀನಾ ಎಂಬ ಅದು ರೋಗಿಯ ಎದೆಗೆ ಹಿತವನ್ನುಂಟುಮಾಡುತ್ತದೆ, ದುಃಖವನ್ನು ಸ್ವಲ್ಪ ಇಳಿಸುತ್ತದೆ ಎಂದು ಪ್ರವಾದಿವರ್ಯರಿಂದ(ಸ) ಕೇಳಿದ್ದನ್ನು ಅವರು ತಿಳಿಸುತ್ತಿದ್ದರು. ಬಂದವರೆಲ್ಲ ಹೋದ ಮೇಲೆ ಎಂಬುದನ್ನು ನಾವು ಗಮನಿಸಬೇಕು. ಮೂರು ದಿನ ಮನೆ ತುಂಬ ಜನ, ನಾಲ್ಕನೆಯ ದಿನದಿಂದ ಮೌನ. ಗಂಜಿ ಬೇಕಾಗುವುದು ಆಗ. ಗಂಜಿಯ ನಾಡಾದ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬುದ್ಧಿ ಕೈಕೊಟ್ಟವರ ವಿಷಯದಲ್ಲಿ ಶರೀಅತ್‌ನ ನಿಲುವೂ ಮೊದಲಿನಿಂದಲೇ ಸ್ಪಷ್ಟವಾಗಿತ್ತು. ನಿದ್ರೆಯಲ್ಲಿರುವವನು ಏಳುವವರೆಗೆ, ಮಗು ಪ್ರಾಯಕ್ಕೆ ಬರುವವರೆಗೆ, ಬುದ್ಧಿ ತಪ್ಪಿದವನು ಗುಣವಾಗುವವರೆಗೆ ಅವರ ಕರ್ಮಗಳನ್ನು ಬರೆಯಲಾಗುವುದಿಲ್ಲವೆಂಬ ಹದೀಸ್ ಪ್ರಸಿದ್ಧವಾಗಿದೆ. ಬುದ್ಧಿ ತಪ್ಪಿದವನನ್ನು ಪಾಪಿಯ ಜೊತೆ ನಿಲ್ಲಿಸದೆ, ಮಲಗಿದವನ ಮತ್ತು ಮಗುವಿನ ಜೊತೆ ನಿಲ್ಲಿಸಲಾಗಿದೆ. ಗುಣವಾಗುವವರೆಗೆ ಎಂಬ ಮಾತಿನಲ್ಲಿಯೇ ಗುಣವಾಗುತ್ತಾನೆ ಎಂಬ ನಿರೀಕ್ಷೆ ಇದೆ.

ಮುಂದಿನ ಶತಮಾನಗಳಲ್ಲಿ ಈ ನಿಲುವು ಗ್ರಂಥಗಳಾಗಿ, ಆಸ್ಪತ್ರೆಗಳಾಗಿ ಬೆಳೆಯಿತು. ಗ್ರಂಥಗಳಲ್ಲಿ ಒಂದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಈಗಿನ ಅಫ್ಘಾನಿಸ್ತಾನದ ಉತ್ತರದಲ್ಲಿರುವ ಬಲ್ಖ್ ಪ್ರದೇಶದಲ್ಲಿ ಒಂಬತ್ತನೇ ಶತಮಾನದ ನಡುವಿನಲ್ಲಿ ಹುಟ್ಟಿ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಭೂಗೋಳಜ್ಞರೆಂದು ಹೆಸರಾದವರು. ಅವರು 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಗ್ರಂಥವನ್ನು ಬರೆದರು. ದೇಹಗಳ ಮತ್ತು ಮನಸ್ಸುಗಳ ಹಿತ ಎಂದು ಅದರ ಅರ್ಥ. ಮೊದಲ ಭಾಗ ಮನೆ, ಗಾಳಿ, ಆಹಾರ, ನಿದ್ರೆಗಳ ಬಗ್ಗೆ. ಎರಡನೇ ಭಾಗದ ಎಂಟು ಅಧ್ಯಾಯಗಳು ಪೂರ್ತಿಯಾಗಿ ಮನಸ್ಸಿನ ಆರೋಗ್ಯದ ಬಗ್ಗೆ: ಕೋಪ, ಭಯ, ದುಃಖ ಮತ್ತು ವಸ್‌ವಾಸ್. ವೈದ್ಯರು ದೇಹವನ್ನಷ್ಟೇ ನೋಡಿ ಮನಸ್ಸನ್ನು ಬಿಟ್ಟುಬಿಡುತ್ತಾರೆಂಬುದು ಅವರ ದೂರು. ಜೀವಮಾನವಿಡೀ ದೇಹದ ಕಾಯಿಲೆಯಿಲ್ಲದೆ ಬದುಕಿದವರು ಸಿಗಬಹುದು, ದುಃಖ, ಭಯ, ಕೋಪಗಳು ಮುಟ್ಟದವರು ಯಾರೂ ಸಿಗುವುದಿಲ್ಲ ಎಂಬುದು ಅವರ ವಾದ.

ದುಃಖದ ಬಗ್ಗೆ ಬಲ್ಖಿ ಮಾಡಿದ ವಿಂಗಡಣೆಯನ್ನು ಇಂದಿನ ಮನೋವೈದ್ಯರೂ ಮೆಚ್ಚುತ್ತಾರೆ. ಒಂದು ದುಃಖಕ್ಕೆ ಕಾರಣ ಗೊತ್ತಿರುತ್ತದೆ. ಪ್ರೀತಿಪಾತ್ರರನ್ನೋ ಆಸ್ತಿಯನ್ನೋ ಕಳೆದುಕೊಂಡದ್ದು. ಇನ್ನೊಂದಕ್ಕೆ ಕಾರಣವೇ ಗೊತ್ತಿರುವುದಿಲ್ಲ. ಯಾವುದರಲ್ಲಿಯೂ ಉತ್ಸಾಹವಿಲ್ಲದೆ, ಬಿಡದೆ ಕವಿದುಕೊಳ್ಳುವ ಮಂಕು. ಎರಡನೆಯದರ ಬೇರು ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೇ ಬೇಕು ಎಂದು ಅವರು ಬರೆದರು. ಕಾರಣವನ್ನು ರಕ್ತದಲ್ಲಿ ಹುಡುಕಿದ್ದು ಆ ಕಾಲದ ವೈದ್ಯದ ಮಿತಿ. ಆದರೆ ಬೋಧನೆ ಸಾಕಾಗದ ಒಂದು ದುಃಖವಿದೆ ಎಂದು ಹೇಳಿದ್ದು ಮಿತಿಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆಗಳನ್ನು ಬಿಟ್ಟು ಬಂದ ಸಾಗರ, ಹೊಸನಗರದ ಹಿರಿಯರ ದುಃಖ ಮೊದಲನೆಯ ಬಗೆಯದು. ಅವರ ಕಥೆಯನ್ನು ಕೇಳುವವರಿದ್ದರೆ ಎದೆ ಹಗುರವಾಗುತ್ತಿತ್ತು. ಎಲ್ಲವೂ ಸರಿಯಿರುವ ಮನೆಯಲ್ಲಿ ಬೆಳಗ್ಗೆ ಹಾಸಿಗೆಯಿಂದ ಏಳಲಾಗದೆ ಮಲಗಿರುವವನಿಗೆ, ನಿನಗೇನು ಕಡಿಮೆಯಾಗಿದೆ ಎಂದು ಕೇಳಿ ಪ್ರಯೋಜನವಿಲ್ಲ. ಕಡಿಮೆಯಾದದ್ದು ಏನೂ ಇಲ್ಲದಿರುವುದೇ ಆ ಕಾಯಿಲೆಯ ಗುರುತು ಎಂದು ಬಲ್ಖಿ ಒಂದು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ.

ಅವರ ಇನ್ನೊಂದು ಸಲಹೆಯೂ ಬಹಳ ಪ್ರಾಯೋಗಿಕವಾದದ್ದು. ಅಕಸ್ಮಾತ್ ಬರುವ ಕಾಯಿಲೆಗೆಂದು ಮನೆಯಲ್ಲಿ ಮದ್ದನ್ನು ತೆಗೆದಿಡುವಂತೆ, ಮನಸ್ಸು ಸ್ವಸ್ಥವಾಗಿರುವಾಗಲೇ ಹಿತವಾದ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು, ಕಷ್ಟ ಬಂದಾಗ ಅವನ್ನು ತೆಗೆದುಕೊಳ್ಳಬೇಕು ಎನ್ನುತ್ತಾರೆ. ಈ ಗ್ರಂಥದ ಹಸ್ತಪ್ರತಿ ಇಸ್ತಾಂಬುಲಿನ ಗ್ರಂಥಾಲಯದಲ್ಲಿ ಶತಮಾನಗಳ ಕಾಲ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿತ್ತು. 1984ರಲ್ಲಿ ಫುವಾತ್ ಸೆಝ್‌ಗಿನ್ ಅದರ ಪ್ರತಿರೂಪವನ್ನು ಪ್ರಕಟಿಸಿದರು; 2013ರಲ್ಲಿ ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದರು. ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ಪ್ರಕಾಶಕರು ಕೈಗೆತ್ತಿಕೊಂಡರೆ ಅದೊಂದು ಉಪಕಾರವಾದೀತು.

ವಸ್‌ವಾಸ್ ಎಂಬ ಮಾತು ನಮ್ಮೆಲ್ಲರಿಗೂ ಪರಿಚಿತ. ಅದರ ಒಂದು ರೂಪ ನಮ್ಮ ಮನೆಗಳಲ್ಲಿ ಕಾಯಿಲೆಯೆಂದು ಗುರುತಾಗುವುದೇ ಇಲ್ಲ. ಹದಿನೇಳು ಹದಿನೆಂಟರ ಹುಡುಗನೋ ಹುಡುಗಿಯೋ ವುಝೂ ಮಾಡಲು ಹೋಗಿ ಅರ್ಧ ಗಂಟೆಯಾದರೂ ಬರುವುದಿಲ್ಲ. ಕೈ ತೊಳೆದದ್ದು ಸರಿಯಾಯಿತೋ ಇಲ್ಲವೋ ಎಂದು ಮತ್ತೆ ತೊಳೆಯುವುದು. ನಿಯ್ಯತ್ ಸರಿಯಾಗಲಿಲ್ಲವೆಂದು ನಮಾಝನ್ನು ಮುರಿದು ಮತ್ತೆ ಕಟ್ಟುವುದು. ಬಟ್ಟೆಗೆ ನಜಿಸ್ ತಗುಲಿರಬಹುದೆಂದು ಚಳಿಗಾಲದಲ್ಲಿಯೂ ಮತ್ತೆ ಮತ್ತೆ ಸ್ನಾನ. ಮನೆಯವರು ಮೊದಲು ಮಗುವಿಗೆ ಎಷ್ಟೊಂದು ತಕ್ವಾ ಎಂದು ಮೆಚ್ಚುತ್ತಾರೆ. ಕೈಯ ಚರ್ಮ ಬಿರಿದು, ಶಾಲೆ ತಪ್ಪತೊಡಗಿದಾಗ ಗಾಬರಿಯಾಗುತ್ತಾರೆ. ಇದು ಗೀಳು ಕಾಯಿಲೆ. ಹರೆಯದಲ್ಲಿಯೇ ಅನೇಕರಲ್ಲಿ ಆರಂಭವಾಗುತ್ತದೆ. ಧರ್ಮವಿಲ್ಲದವನಲ್ಲಿ ಇದೇ ಕಾಯಿಲೆ ಬೀಗವನ್ನು ಹತ್ತು ಬಾರಿ ಎಳೆದು ನೋಡುವ ರೂಪದಲ್ಲಿ ಬರುತ್ತದೆ. ನಮಾಝಿನ ಮನೆಯಲ್ಲಿ ನಮಾಝಿನ ರೂಪದಲ್ಲಿ ಬರುತ್ತದೆ. ಬಲ್ಖಿಯವರು ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟರು, ಆ ವಿವರಣೆ ಇಂದಿನ ರೋಗಲಕ್ಷಣಗಳಿಗೆ ಎಷ್ಟು ಹತ್ತಿರವಾಗಿದೆ ಎಂಬುದರ ಬಗ್ಗೆ 2015ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನವೇ ಬಂದಿದೆ. 1223ರಲ್ಲಿ ತೀರಿಕೊಂಡ ಹಂಬಲೀ ವಿದ್ವಾಂಸ ಇಬ್ನ್ ಕುದಾಮಾ ಕೂಡ ವುಝೂ, ನಮಾಝ್‌ಗಳಲ್ಲಿ ವಸ್‌ವಾಸ್‌ಗೆ ಸಿಕ್ಕಿಬೀಳುವುದನ್ನು ಖಂಡಿಸಿ ಒಂದು ಕಿರುಗ್ರಂಥ ಬರೆದರು. ಈ ಮಕ್ಕಳಿಗೆ ಇನ್ನಷ್ಟು ಜಾಗರೂಕನಾಗಿರು ಎಂಬ ಉಪದೇಶ ಬೆಂಕಿಗೆ ತುಪ್ಪ. ಒಮ್ಮೆ ಮಾಡಿದ ವುಝೂ ಸಾಕು, ಸಂಶಯವನ್ನು ಲೆಕ್ಕಿಸಬೇಡ ಎಂದು ಉಸ್ತಾದರು ಹೇಳಬೇಕು. ಚಿಕಿತ್ಸೆಯನ್ನು ಮನೋವೈದ್ಯರು ಕೊಡಬೇಕು. ಇವೆರಡೂ ಒಟ್ಟಿಗೆ ನಡೆದಾಗ ಗುಣ ಕಾಣುವ ಸಾಧ್ಯತೆ ಚೆನ್ನಾಗಿದೆ.

ವಿದ್ವತ್ತಿದ್ದರೆ, ಭಕ್ತಿಯಿದ್ದರೆ ಮನಸ್ಸು ಕುಸಿಯದು ಎನ್ನುವವರು ಇಮಾಮ್ ಗಝ್ಝಾಲಿಯವರ ಆತ್ಮಕಥನದ ಗ್ರಂಥ 'ಅಲ್ ಮುನ್‌ಕಿಝ್'ಅನ್ನು ಓದಬೇಕು. 1095ರಲ್ಲಿ ಅವರು ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದ ಪ್ರಧಾನ ಅಧ್ಯಾಪಕರು. ವಯಸ್ಸು ಮೂವತ್ತೇಳರ ಆಸುಪಾಸು. ಪಾಠ ಹೇಳಲು ಕುಳಿತರೆ ನಾಲಗೆ ಹೊರಳದಾಯಿತು. ಊಟ ಗಂಟಲಲ್ಲಿ ಇಳಿಯಲಿಲ್ಲ, ದೇಹ ಸೊರಗಿತು. ಮೂಲ ಹೃದಯದೊಳಗಿದೆ, ಅಲ್ಲಿನ ತಳಮಳ ನಿಲ್ಲುವವರೆಗೆ ಮದ್ದಿನಿಂದ ಪ್ರಯೋಜನವಿಲ್ಲವೆಂದು ವೈದ್ಯರು ಕೈಚೆಲ್ಲಿದರು. ಅವರು ಹುದ್ದೆಯನ್ನು ತೊರೆದು ದಮಾಸ್ಕಸ್, ಜೆರುಸಲೇಮ್, ಮಕ್ಕಾಗಳ ಕಡೆ ಹೊರಟುಹೋದರು. ಮತ್ತೆ ಸಾರ್ವಜನಿಕವಾಗಿ ಪಾಠ ಹೇಳಲು ಒಪ್ಪಿಕೊಂಡದ್ದು 1106ರಲ್ಲಿ. ಅವರ ಸಂಕಟವನ್ನು ಇಂದಿನ ಯಾವ ರೋಗದ ಹೆಸರಿನಿಂದ ಕರೆಯಬೇಕೆಂಬ ಚರ್ಚೆ ನಮಗೆ ಬೇಡ. ಅದರಲ್ಲಿ ಆಧ್ಯಾತ್ಮಿಕ ಹುಡುಕಾಟವೂ ಇತ್ತು. ನಮಗೆ ಮುಖ್ಯವೆನಿಸುವುದು, ಹುಜ್ಜತುಲ್ ಇಸ್ಲಾಮ್ ಎಂದು ಕರೆಯಲ್ಪಟ್ಟವರು ಅದನ್ನು ಮುಚ್ಚಿಡದೆ ತಮ್ಮ ಕೈಯಾರೆ ಬರೆದರು ಎಂಬುದು.

ಇನ್ನು ಆಸ್ಪತ್ರೆಗಳು. ರೋಗಿಗಳ ಮನೆ ಎಂಬ ಅರ್ಥದ ಬೀಮಾರಿಸ್ತಾನ್ ಎಂಬ ಪಾರ್ಸಿ ಶಬ್ದದಿಂದ ಅವನ್ನು ಕರೆಯುತ್ತಿದ್ದರು. ನಮ್ಮ ಉರ್ದು ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಬೀಮಾರ್ ಎಂಬ ಮಾತು ಅದೇ. 1154ರಲ್ಲಿ ದಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮುಂದೆ ಒಬ್ಬ ಸೇನಾನಿ ಗುಣ ಹೊಂದಿದ. ಆತನೇ ಸುಲ್ತಾನ್ ಕಲಾವೂನ್ ಆಗಿ 1284ರಲ್ಲಿ ಕೈರೋದಲ್ಲಿ ಮನ್ಸೂರಿ ಆಸ್ಪತ್ರೆಯನ್ನು ಕಟ್ಟಿಸಿದ. ಬಡವ ಬಲ್ಲಿದ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಚಿಕಿತ್ಸೆ, ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗ, ಎಲ್ಲ ಖರ್ಚೂ ವಕ್ಫ್ ಆಸ್ತಿಯಿಂದ. ಗುಣವಾಗಿ ಹೊರಡುವವರು ಮರುದಿನವೇ ದುಡಿಮೆಗೆ ಹೋಗಬೇಕಾಗದಂತೆ ಕೈಗೆ ಸ್ವಲ್ಪ ಹಣವನ್ನೂ ಕೊಡುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. 1354ರಲ್ಲಿ ಹಲಬ್ ಪಟ್ಟಣದಲ್ಲಿ ಕಟ್ಟಲಾದ ಆಸ್ಪತ್ರೆಯ ಅಂಗಳಗಳೂ ನೀರಿನ ಕಾರಂಜಿಗಳೂ ಮನೋರೋಗಿಗಳಿಗೆಂದೇ ಆದವು. ಕಟ್ಟಡ ಇಂದಿಗೂ ಇದೆ.

ನಮ್ಮ ವೇದಿಕೆಗಳಲ್ಲಿ ಈ ಆಸ್ಪತ್ರೆಗಳ ವರ್ಣನೆ ಅತಿಯಾಗುವುದುಂಟು. 1180ರ ದಶಕದಲ್ಲಿ ಆ ಊರುಗಳನ್ನು ಕಂಡ ಯಾತ್ರಿಕ ಇಬ್ನ್ ಜುಬೈರ್ ಕೈರೋದಲ್ಲಿ ಮನೋರೋಗಿಗಳ ಕೋಣೆಗಳಿಗೆ ಕಬ್ಬಿಣದ ಸರಳುಗಳಿದ್ದುದನ್ನೂ ದಮಾಸ್ಕಸ್‌ನಲ್ಲಿ ಅವರನ್ನು ಸರಪಳಿಯಿಂದ ಕಟ್ಟಿದ್ದುದನ್ನೂ ದಾಖಲಿಸಿದ್ದಾರೆ. ಚಿಕಿತ್ಸೆಯೂ ಇತ್ತು, ಸರಪಳಿಯೂ ಇತ್ತು. ಹಾಗಿದ್ದರೂ ಕಾಯಿಲೆಯವರ ಜಾಗ ಆಸ್ಪತ್ರೆ, ಖರ್ಚು ಸಮುದಾಯದ್ದು ಎಂಬುದನ್ನು ಆ ಕಾಲದ ಮುಸ್ಲಿಮರು ಪ್ರಶ್ನಿಸಲಿಲ್ಲ. ಇದರ ಒಂದು ಎಳೆ ಕನ್ನಡ ನಾಡಿಗೂ ಬಂದಿತ್ತು. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಅಲಾವುದ್ದೀನ್ ಅಹ್ಮದ್ ಬೀದರಿನಲ್ಲಿ ದಾರುಶ್ಶಿಫಾ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟು, ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದನೆಂದು ಫರಿಶ್ತಾ ಬರೆದಿದ್ದಾನೆ.

ಆಧುನಿಕ ಕಾಲಕ್ಕೆ ಬಂದರೆ, ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯೇ ನಿಮ್ಹಾನ್ಸಿನ ಮೂಲ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ಕೈಬಿಟ್ಟು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1930ರ ದಶಕದಲ್ಲಿ ಲಕ್ಕಸಂದ್ರದಲ್ಲಿ ಹೊಸ ಕಟ್ಟಡ ಎದ್ದಾಗ ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1954ರಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ, 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಸೇರಿ ನಿಮ್ಹಾನ್ಸ್. ಅಲ್ಲಿಂದ ಮುಂದೆ ಗೋಡೆಯ ಹೊರಗಿನ ಕೆಲಸ. ಮೊದಲು ಬೆಂಗಳೂರು ಬಳಿಯ ಸಕಲವಾರ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋರೋಗಗಳ ಚಿಕಿತ್ಸೆಯ ತರಬೇತಿ. ಬಳ್ಳಾರಿಯ ಅನುಭವವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. 2016ರಲ್ಲಿ ನಿಧನರಾದ ಶಿವಮೊಗ್ಗದ ಡಾ. ಅಶೋಕ್ ಪೈ ಅವರು ಬರವಣಿಗೆಯಿಂದ, ಸಿನಿಮಾದಿಂದ ಕೂಡ ಈ ವಿಷಯವನ್ನು ಮಲೆನಾಡಿನ ಮನೆಮಾತಾಗಿಸಲು ದುಡಿದರು. ತೀರ್ಥಹಳ್ಳಿಯ ಅಧ್ಯಯನ ಈ ಸಾಲಿನಲ್ಲಿ ಬಂದದ್ದು.

ತೀರ್ಥಹಳ್ಳಿಯಲ್ಲಿ ಆ ಕೆಲಸ ಆರಂಭವಾಗುವ ನಾಲ್ಕು ವರ್ಷಗಳ ಮೊದಲು, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ಮುಸ್ಲಿಮ್ ಸಮುದಾಯ ಮರೆಯಬಾರದು. ಅಲ್ಲಿನ ದರ್ಗಾಕ್ಕೆ ಗುಣವಾಗಲೆಂದು ಕರೆತಂದ ಮನೋರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಗೃಹವೊಂದರಲ್ಲಿ ಬೆಳಗಿನ ಜಾವ ಬೆಂಕಿ ಬಿದ್ದಿತು. 28 ಮಂದಿ ಸುಟ್ಟುಹೋದರು. ಓಡಿಹೋಗಲು ಆಗಲಿಲ್ಲ, ಸರಪಳಿಯಲ್ಲಿದ್ದರು. ಅವರನ್ನು ಅಲ್ಲಿ ಬಿಟ್ಟುಬಂದ ಕುಟುಂಬಗಳು ಕ್ರೂರಿಗಳಾಗಿರಲಿಲ್ಲ, ದಾರಿ ಕಾಣದವರಾಗಿದ್ದರು. ಸುಪ್ರೀಮ್ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ.

ನಮ್ಮ ತೀರ್ಥಹಳ್ಳಿ ತಾಲೂಕಿನ ಹಣಗೆರೆಕಟ್ಟೆಯಲ್ಲಿಯೂ ದರ್ಗಾ ಇದೆ; ಅದೇ ಆವರಣದಲ್ಲಿ ಭೂತರಾಯ, ಚೌಡೇಶ್ವರಿಯರ ಗುಡಿಯೂ ಇದೆ. ಎರಡೂ ಸಮುದಾಯದವರು ಕಷ್ಟ ಹೇಳಿಕೊಂಡು ಅಲ್ಲಿಗೆ ಹೋಗುತ್ತಾರೆ. ಹರಕೆಗಳ ಬಗ್ಗೆ ನಮ್ಮ ನಿಲುವನ್ನು ಇಲ್ಲಿ ಚರ್ಚಿಸುವುದಿಲ್ಲ. ಮನಸ್ಸಿನ ನೋವನ್ನು ಹೊತ್ತ ಮನುಷ್ಯ ಎಲ್ಲಿಗಾದರೂ ಹೋಗುತ್ತಾನೆ. ಹೋಗಿಬಂದ ಮೇಲೆ ಮಾತ್ರೆ ನಿಲ್ಲುತ್ತದೆಯೇ ಎಂಬುದೇ ನಮ್ಮ ಆತಂಕ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ವ್ಯವಸ್ಥೆ ನೆನಪಾಗುತ್ತದೆ. ಅಲ್ಲಿ ದವಾ ಮತ್ತು ದುಆ ಎಂಬ ಹೆಸರಿನಲ್ಲಿ, ದರ್ಗಾದ ಮುಜಾವರರೇ ಬಂದವರನ್ನು ಆವರಣದಲ್ಲಿರುವ ಮನೋವೈದ್ಯರ ಬಳಿಗೆ ಕಳುಹಿಸಿಕೊಡುತ್ತಾರೆ. ಮುಜಾವರರಿಗೆ ಆಗುವುದು ನಮ್ಮ ಮಸೀದಿಗಳ ಇಮಾಮರಿಗೆ ಆಗದೆ? ನೀರು ಊದಿಸಿಕೊಳ್ಳಲು ಬಂದ ತಂದೆಗೆ ಕುರ್‌ಆನ್ ಓದಿ ಊದಿಕೊಟ್ಟು, ನಾಳೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಒಂದು ಮಾತು ಹೇಳಿದರೆ, ನಮ್ಮ ನೂರು ಲೇಖನಗಳಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಕಾಯಿಲೆ ವಯಸ್ಸಿಗೆ ತಕ್ಕಂತೆ ಮುಖ ಬದಲಿಸುತ್ತದೆ. ಮಗು ತನಗೆ ದುಃಖವಾಗಿದೆ ಎಂದು ಹೇಳುವುದಿಲ್ಲ; ಹೊಟ್ಟೆನೋವು ಎನ್ನುತ್ತದೆ, ಶಾಲೆಗೆ ಹೋಗುವುದಿಲ್ಲ ಎನ್ನುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುತ್ತದೆ. ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಹಕ್ಕಿ ಸತ್ತುಹೋದಾಗ ಪ್ರವಾದಿವರ್ಯರು(ಸ) ಅವನನ್ನು ದೊಡ್ಡವರಂತೆ ಹೆಸರಿಟ್ಟು ಕರೆದು ಆ ಹಕ್ಕಿಯ ಬಗ್ಗೆಯೇ ವಿಚಾರಿಸಿದ್ದು ಹದೀಸ್ ಗ್ರಂಥಗಳಲ್ಲಿದೆ.

ಹೆರಿಗೆಯ ಹೊತ್ತಿನ ಹೆಣ್ಣಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಾಣಂತಿ ಸನ್ನಿ ಎಂಬ ಮಾತು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಮಗುವನ್ನು ತನ್ನದಲ್ಲವೆನ್ನುವುದು, ನಿದ್ರೆಯಿಲ್ಲದೆ ಏನೇನೋ ಮಾತನಾಡುವುದು. ಅದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ, ತಾಯಿಗೂ ಮಗುವಿಗೂ ಅಪಾಯವಿದೆ. ಅದಕ್ಕಿಂತ ಹೆಚ್ಚು ಸಾಮಾನ್ಯವಾದದ್ದು ಬಾಣಂತಿಯ ಖಿನ್ನತೆ: ಸುಮ್ಮನೆ ಅಳು, ಮಗುವಿನ ಮೇಲೆ ಮನಸ್ಸಿಲ್ಲದಿರುವುದು, ಬದುಕು ಸಾಕೆನಿಸುವುದು. ಅಂತಹವಳನ್ನು ನಾಶುಕ್ರಿ ಎಂದು ಬೈಯುವ ಮುನ್ನ ಸೂರಃ ಮರ್ಯಮ್ ನೆನಪಾಗಬೇಕು. ಲೋಕದ ಸ್ತ್ರೀಯರಲ್ಲಿ ಶ್ರೇಷ್ಠರಾದ ಮರ್ಯಮ್(ಅ)ರು ಹೆರಿಗೆಯ ನೋವಿನಲ್ಲಿ, ಇದಕ್ಕೂ ಮೊದಲೇ ತಾನು ಸತ್ತು ಮರೆತುಹೋಗಿದ್ದರೆ ಚೆನ್ನಾಗಿತ್ತು ಎಂದು ಹಲುಬಿದರೆಂದು ಕುರ್‌ಆನ್ ಹೇಳುತ್ತದೆ. ಅದಕ್ಕೆ ಬಂದ ಉತ್ತರದಲ್ಲಿ ಗದರಿಕೆಯಿಲ್ಲ. ಕಾಲಡಿಯಲ್ಲಿ ನೀರು, ಕೈಗೆಟಕುವ ಖರ್ಜೂರ, ತಿಂದು ಕುಡಿದು ಕಣ್ತಂಪು ಮಾಡಿಕೊಳ್ಳಲು ಸೂಚನೆ, ಯಾರಿಗೂ ಉತ್ತರ ಕೊಡಬೇಕಾಗಿಲ್ಲವೆಂಬ ಬಿಡುಗಡೆ. ಬಾಣಂತಿಯ ಕೋಣೆಗೆ ಹೋಗುವ ಅತ್ತೆಯಂದಿರೂ ನಾದಿನಿಯರೂ ಈ ಆಯತ್‌ಗಳನ್ನು ಓದಿಕೊಂಡು ಹೋಗಬಹುದು.

ವೃದ್ಧರದು ಇನ್ನೊಂದು ಬಗೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಊರುಗಳು ನಮ್ಮವು. ಅವರು ಊಟ ಬಿಟ್ಟರೆ, ಮಾತು ಬಿಟ್ಟರೆ ವಯಸ್ಸಾಯಿತು ಎಂದುಕೊಳ್ಳುತ್ತೇವೆ. ಅದರಲ್ಲಿ ಎಷ್ಟೋ ಚಿಕಿತ್ಸೆಗೆ ಬಗ್ಗುವ ಖಿನ್ನತೆ. ಅಸರ್ ನಮಾಝ್ ಮಾಡಿದ್ದನ್ನು ಮರೆತು ಮತ್ತೆ ಮತ್ತೆ ಮಾಡುವವರನ್ನು, ಕಂಡ ಮಗನನ್ನೇ ಯಾರೆಂದು ಕೇಳುವವರನ್ನು ಅರಳುಮರಳು ಎಂದು ನಗುತ್ತೇವೆ. ಅದೂ ಮೆದುಳಿನ ಕಾಯಿಲೆ. ತಿಳಿದ ಮೇಲೂ ಏನೂ ತಿಳಿಯದಂತಾಗುವ ವಯಸ್ಸನ್ನು ಕುರ್‌ಆನ್ ಎರಡು ಕಡೆ ನೆನಪಿಸಿದೆ.

ಇಂದು ದಾರಿ ಮೊದಲಿನಷ್ಟು ದೂರವಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡದೆ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ರಮಝಾನಿನಲ್ಲಿ ಮಾತ್ರ ಪ್ರತಿವರ್ಷ ಒಂದು ತೊಡಕು ಎದುರಾಗುತ್ತದೆ. ತಿಂಗಳುಗಟ್ಟಲೆ ಮಾತ್ರೆಯಿಂದ ಸರಿಯಿದ್ದವರು ಉಪವಾಸಕ್ಕೆಂದು ಮಾತ್ರೆ ನಿಲ್ಲಿಸಿ, ಈದ್ ಹೊತ್ತಿಗೆ ಮತ್ತೆ ಹಾಸಿಗೆ ಹಿಡಿಯುತ್ತಾರೆ. ರೋಗಿಗೆ ಉಪವಾಸದಿಂದ ಕುರ್‌ಆನ್ ವಿನಾಯಿತಿ ಕೊಟ್ಟಿದೆ. ಮನಸ್ಸಿನ ರೋಗಿ ಆ ಮಾತಿನಿಂದ ಹೊರಗಲ್ಲ. ಅನೇಕ ಔಷಧಗಳ ಹೊತ್ತನ್ನು ಸಹ್ರಿ ಮತ್ತು ಇಫ್ತಾರ್‌ಗೆ ಹೊಂದಿಸಲು ಸಾಧ್ಯ. ಲಿಥಿಯಂನಂತಹ ಕೆಲವಕ್ಕೆ ದೇಹದಲ್ಲಿ ನೀರು ಕಡಿಮೆಯಾಗಬಾರದು, ಅಂತಹವರಿಗೆ ಉಪವಾಸ ಅಪಾಯ. ಇದನ್ನು ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು ತೀರ್ಮಾನಿಸಿಕೊಳ್ಳಬೇಕು. ಆ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಇದನ್ನು ಹೇಳುವಂತೆ ಜಮಾಅತ್ ಕಮಿಟಿಗಳು ಇಮಾಮರನ್ನು ಕೇಳಿಕೊಳ್ಳಲಿ.

ಝಕಾತ್ ಲೆಕ್ಕ ಹಾಕುವುದೂ ಆ ಹೊತ್ತಿಗೇ. ಮನ್ಸೂರಿ ಆಸ್ಪತ್ರೆ ಗುಣವಾದವನ ಕೈಗೆ ಹಣ ಕೊಟ್ಟು ಕಳುಹಿಸಿದ್ದು ಅವನ ಮೊದಲ ದಿನಗಳ ಊಟಕ್ಕಾಗಿ. ಹೊಸನಗರದ ಒಳಹಳ್ಳಿಯ ಕೂಲಿಯವನಿಗೆ ತಿಂಗಳಿಗೊಮ್ಮೆ ಮಗನನ್ನು ಶಿವಮೊಗ್ಗಕ್ಕೆ ಕರೆದೊಯ್ಯುವುದೆಂದರೆ ಇಬ್ಬರ ಬಸ್ ಚಾರ್ಜು, ಹೊರಗಿನ ಊಟ, ಆ ದಿನದ ಕೂಲಿ, ಸರ್ಕಾರಿ ಔಷಧಾಲಯದಲ್ಲಿ ಸಿಗದ ಮಾತ್ರೆಯ ಬೆಲೆ. ಬೈತುಲ್‌ಮಾಲ್ ನಡೆಸುತ್ತಿರುವ ಜಮಾಅತ್‌ಗಳು ಮನೆಯವರ ಹೆಸರು ಹೊರಬೀಳದಂತೆ ಈ ಖರ್ಚನ್ನು ವರ್ಷವಿಡೀ ವಹಿಸಿಕೊಳ್ಳಬಹುದು. ಹಕ್ಕುದಾರರ ಪಟ್ಟಿಯಲ್ಲಿ ಫಕೀರರೂ ಮಿಸ್ಕೀನರೂ ಇರುವುದರಿಂದ ಇದಕ್ಕೆ ಪ್ರತ್ಯೇಕ ಫತ್ವಾ ಬೇಕಾಗಿಲ್ಲ.